ಇನ್ನೊಂದ್ಸಲ ಹೇಳಿ

ಜೂನ್ 9

ಪ್ರೀತಿಯ ಅತ್ತಿಗೆ,

ಬಂದು ತಲುಪಿದ್ದೂ ಆಯಿತು, ಮನೆ ಸಿಕ್ಕಿದ್ದೂ ಆಯಿತು, ಕೆಲಸ ಶುರುವಾಗಿದ್ದೂ ಆಯಿತು. ಮನೆ ಅಂದರೆ ಒಂದು ಕೋಣೆ, ಒಂದು ಒಲೆ, ಮೊಣಕಾಲು ಕೊಟ್ಟು ಒತ್ತಿದರೆ ಮಾತ್ರ ಮುಚ್ಚುವ ಒಂದು ಬೀರು. ಕೆಳಗಡೆ ಸೈಕಲ್ ರಿಪೇರಿ ಅಂಗಡಿ. ಬೆಳಗ್ಗೆ ಟಯರಿಗೆ ಗಾಳಿ ತುಂಬುವ ಸದ್ದಿಗೇ ನನಗೆ ಎಚ್ಚರ.

ಶಾಲೆಯಲ್ಲಿ ಹೆಡ್ ಮೇಡಂ ನನ್ನನ್ನು "ಇವರು ಇನ್ಮೇಲೆ ನಿಮಗೆ ಆರೋಗ್ಯದ ಟೀಚರ್" ಅಂತ ಪರಿಚಯಿಸಿದರು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ಓಡಾಡಿದವಳು ನಾನು. ಕೈಯಲ್ಲಿ ಟ್ರೇ ಇಲ್ಲದೆ ಅಷ್ಟು ಜನರ ಮುಂದೆ ನಿಂತರೆ ಕೈ ಎಲ್ಲಿಟ್ಟುಕೊಳ್ಳಬೇಕು ಅನ್ನೋದೇ ತಿಳಿಯಲಿಲ್ಲ. ಮೊದಲ ಬೆಂಚಿನ ಹುಡುಗ ಎದ್ದು ನಿಂತು, "ಟೀಚರ್, ಸೂಜಿ ತಂದಿದೀರಾ?" ಅಂದ. ಇಲ್ಲ ಅಂದೆ. ಇಡೀ ತರಗತಿ ಒಟ್ಟಿಗೆ ಉಸಿರು ಬಿಟ್ಟಿತು. ಅದಾದ ಮೇಲೆ ನಾನು ಹೇಳಿದ್ದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿದರು. ನನಗೆ ಈ ಕೆಲಸ ಒಗ್ಗುತ್ತೆ ಅನಿಸುತ್ತಿದೆ.

ಒಂದು ಮಾತು ಕೇಳಬೇಕು, ಬೇಜಾರು ಮಾಡ್ಕೋಬೇಡಿ. ಬಂದ ಮೇಲೆ ಎರಡು ಸಲ ಫೋನ್ ಮಾಡಿದೆ. "ಅಲ್ಲಿ ಮಳೆ ಬಂತಾ?" ಅಂದರೆ ನೀವು "ನಿನ್ನಣ್ಣ ಅಂಗಡಿಗೆ ಹೋಗಿದ್ದಾರೆ" ಅಂದಿರಿ. "ಊಟ ಆಯ್ತಾ?" ಅಂದರೆ "ಹೂಂ, ಹೂಂ, ಇಡ್ತೀನಿ" ಅಂತ ಇಟ್ಟೇಬಿಟ್ಟಿರಿ. ನಾನು ಮನೆ ಬಿಟ್ಟು ಬಂದದ್ದು ನಿಮಗೆ ಸಿಟ್ಟಾ? ಸಿಟ್ಟಾಗಿದ್ದರೆ ಬೈದುಬಿಡಿ. ನಿಮ್ಮ ಬೈಗುಳ ನನಗೆ ಅಭ್ಯಾಸ. ಈ "ಹೂಂ, ಹೂಂ" ಅಭ್ಯಾಸ ಇಲ್ಲ.

ನಿಮ್ಮ ಚೂಟಿ


ಜೂನ್ 20

ಚೂಟಿಗೆ,

ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ. ಆ ಫೋನು ಹಳೇದು, ಗೊರಗೊರ ಅನ್ನುತ್ತೆ. ಇನ್ಮೇಲೆ ಫೋನ್ ಬೇಡ, ಕಾಗದ ಬರಿ. ಫೋನಲ್ಲಿ ಆಡಿದ್ದು ಗಾಳಿಗೆ ಹೋಗುತ್ತೆ. ಕಾಗದ ಆದ್ರೆ ನಾನು ಎರಡು ಸಲ ಓದ್ಕೋಬಹುದು, ನಿನ್ನ ಅಕ್ಷರ ನೋಡಿದ್ರೆ ಮೂರು ಸಲ ಬೇಕಾಗುತ್ತೆ. ನರ್ಸಾಗಿದ್ದವಳು ಡಾಕ್ಟರ್ ಥರ ಯಾಕೆ ಗೀಚ್ತೀಯ?

ಇಲ್ಲಿ ಎಲ್ಲ ಹಾಗೇ ಇದೆ. ನಿನ್ನಣ್ಣ ಬೆಳಗ್ಗೆಯಿಂದ ಸಂಜೆವರೆಗೆ ಬೇರೆಯವರ ಸೋಫಾಗೆ ಹೊಸ ಬಟ್ಟೆ ಹೊಲಿದು, ಮನೆಗೆ ಬಂದು ನಮ್ಮ ಹರಿದ ಸೋಫಾ ಮೇಲೆ ಕೂತ್ಕೋತಾರೆ. ನನ್ನ ಗಿರಣಿಯಲ್ಲಿ ಹೊಸ ಮಗ್ಗಗಳು ಬಂದಿವೆ. ಹಳೇವಕ್ಕಿಂತ ಜೋರಾಗಿ ಓಡ್ತವೆ. ವರ್ಷದ ಕೊನೇಲಿ ನಮ್ಮ ಪಾಳಿಗೆ ಒಬ್ಬ ಹೆಂಗಸನ್ನ ಸೂಪರ್‌ವೈಸರ್ ಮಾಡ್ತಾರಂತೆ. ಮ್ಯಾನೇಜರ್ ನನ್ನ ಕಡೆ ನೋಡಿ ನಕ್ಕರು. ಹಲ್ಲುನೋವೋ, ಸೂಚನೆಯೋ, ಗೊತ್ತಿಲ್ಲ. ಆ ಕೆಲಸ ನನಗೆ ಬೇಕು ಚೂಟಿ. ಇಷ್ಟು ವರ್ಷ ನಿಂತೇ ನೇಯ್ದಿದೀನಿ.

ನಿನ್ನ ಕೋಣೆ ಖಾಲಿ ಇದೆ. ನಿನ್ನಣ್ಣ ಅಲ್ಲಿ ಬಟ್ಟೆ ಸುರುಳಿ ಇಟ್ಕೋತೀನಿ ಅಂದ್ರು. ಬೇಡ ಅಂದೆ.

ಅತ್ತಿಗೆ


ಜುಲೈ 8

ಪ್ರೀತಿಯ ಅತ್ತಿಗೆ,

ಬೈದಿರಲ್ಲ, ಸಮಾಧಾನವಾಯಿತು.

ಈ ಮಕ್ಕಳಿಗೆ ಇರುವುದು ಒಂದೇ ಕಾಯಿಲೆ ಅಂತ ಈಗ ಗೊತ್ತಾಯಿತು: ಹೊಟ್ಟೆನೋವು. ತಲೆ ಸುತ್ತಿದರೂ ಹೊಟ್ಟೆನೋವು, ಹೋಂವರ್ಕ್ ಮಾಡದಿದ್ದರೂ ಹೊಟ್ಟೆನೋವು, ಮನೆಯಲ್ಲಿ ಜಗಳವಾದರೂ ಹೊಟ್ಟೆನೋವು. ಮೈಯಲ್ಲಿ ಏನಾಗುತ್ತಿದೆ ಅಂತ ಹೇಳೋದಕ್ಕೆ ಅವರ ಹತ್ತಿರ ಮಾತೇ ಇಲ್ಲ. ನನಗೆ ವಾರ್ಡಿನ ನೆನಪು ಬಂತು. ದೊಡ್ಡವರೂ ಅಷ್ಟೇ ಅಲ್ಲವಾ? ಡಾಕ್ಟರ್ ಹೇಳಿದ್ದಕ್ಕೆಲ್ಲ "ಸರಿ ಸರಿ" ಅಂತ ತಲೆ ಆಡಿಸಿ, ಹೊರಗೆ ಬಂದು ನನ್ನ ತೋಳು ಹಿಡಿದು "ಸಿಸ್ಟರ್, ಅವರು ಏನಂದ್ರು?" ಅನ್ನುತ್ತಿದ್ದರು.

ಅದಕ್ಕೇ ಪುಸ್ತಕ ಮುಚ್ಚಿಟ್ಟು ನಾಟಕ ಶುರುಮಾಡಿದೆ. ಒಬ್ಬರು ಡಾಕ್ಟರ್, ಒಬ್ಬರು ರೋಗಿ. ಡಾಕ್ಟರ್ ಆದವರು ಬೇಕಂತಲೇ ಗಡಿಬಿಡಿಯಲ್ಲಿ, ದೊಡ್ಡ ದೊಡ್ಡ ಪದ ಹಾಕಿ ಮಾತಾಡಬೇಕು. ರೋಗಿ ತಡೆದು ನಿಲ್ಲಿಸಿ, "ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನಬೇಕು. ಇಷ್ಟೇ ಪಾಠ. ಇಷ್ಟಕ್ಕೇ ಒಬ್ಬೊಬ್ಬರಿಗೂ ಬೆವರು! ಡಾಕ್ಟರ್ ಆಗೋಕೆ ಸಾಲುಗಟ್ಟಿ ನಿಂತರು, ರೋಗಿ ಆಗೋಕೆ ಯಾರೂ ಇಲ್ಲ. ಕೊನೆಗೆ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು, "ಡಾಕ್ಟರೇ, ನೀವು ಹೇಳಿದ್ದು ನಿಮಗಾದ್ರೂ ಅರ್ಥ ಆಯ್ತಾ?" ಅಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಬಂದು ಬಾಗಿಲು ಎಳೆದುಕೊಂಡು ಹೋದರು.

ನಗದೆ ಇದ್ದವಳು ಒಬ್ಬಳೇ. ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಮಕ್ಕಳು ಅವಳನ್ನು "ಗೊಂಬೆ" ಅಂತಾರೆ, ಏನು ಕೇಳಿದರೂ ನಗುತ್ತಾ ತಲೆ ಆಡಿಸುತ್ತಾಳೆ ಅಂತ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಕ್ಕಪಕ್ಕ ನೋಡಿ ತಾನೂ ನಕ್ಕಳು. ಲೆಕ್ಕದ ಮೇಷ್ಟ್ರ ಪ್ರಕಾರ ಅವಳಿಗೆ ಅಹಂಕಾರ. ಕರೆದರೆ ತಿರುಗಿಯೂ ನೋಡಲ್ಲ. ಮುಂದಿನ ವರ್ಷ ಅವಳನ್ನು ಒಂದು ತರಗತಿ ಕೆಳಗೆ ಹಾಕಬೇಕು ಅಂತ ಹೇಳುತ್ತಿದ್ದಾರೆ. ಅಹಂಕಾರ ಇರುವವರು ಹಾಗೆ ನಗಲ್ಲ ಅತ್ತಿಗೆ. ನನಗೆ ಬೇರೇನೋ ಅನುಮಾನ. ನೋಡೋಣ.

ಚೂಟಿ


ಜುಲೈ 21

ಚೂಟಿಗೆ,

ನಿನ್ನ ನಾಟಕದ ಕಥೆ ನಿನ್ನಣ್ಣನಿಗೆ ಓದಿ ಹೇಳಿದೆ. ಬಾಯಲ್ಲಿದ್ದ ಸೂಜಿ ನುಂಗದೆ ನಕ್ಕಿದ್ದೇ ಪುಣ್ಯ.

ಮೆಟ್ಟಿಲ ಕೆಳಗಿನ ಬೆಕ್ಕು ಮರಿ ಹಾಕಿದೆ. ಮಹಡಿ ಮನೆಯವರು ಬಣ್ಣ ಬಳೀತಿದ್ದಾರೆ, ಮೆಟ್ಟಿಲೆಲ್ಲ ನೀಲಿ ಹೆಜ್ಜೆ. ಆ ಹುಡುಗಿ ಮೇಲೆ ಏನು ಅನುಮಾನ ನಿನಗೆ? ಹಾಗೇನಾದ್ರೂ ಇದ್ರೆ ಹೇಗೆ ಕಂಡುಹಿಡೀತಾರೆ, ಆಮೇಲೆ ಏನು ಮಾಡ್ತಾರೆ, ಬರಿ. ಎಲ್ಲರಿಗೂ ಗೊತ್ತಾಗುತ್ತಾ? ಗಿರಣಿಯಲ್ಲಿ ಒಂದು ಮಗ್ಗ ಕೆಟ್ಟು ನಿಂತು ಎರಡು ದಿನ ನನಗೆ ರಜ ಇದ್ದ ಹಾಗಿತ್ತು. ನಿನ್ನಣ್ಣನ ಬೆನ್ನುನೋವು ಪರವಾಗಿಲ್ಲ.

ಬೆಚ್ಚಗಿರು. ಬೀರು ಮುಚ್ಚೋಕೆ ಮೊಣಕಾಲು ಉಪಯೋಗಿಸಬೇಡ. ಮೊಣಕಾಲೇನು ಅಂಗಡೀಲಿ ಸಿಗುತ್ತಾ?

ಅತ್ತಿಗೆ


ಆಗಸ್ಟ್ 5

ಪ್ರೀತಿಯ ಅತ್ತಿಗೆ,

ನೀವು ನನ್ನ ಕೆಲಸದ ಬಗ್ಗೆ ಇಷ್ಟು ಆಸೆಯಿಂದ ಕೇಳಿದ್ದು ಇದೇ ಮೊದಲು. ಕಾಗದವನ್ನು ಸ್ಟಾಫ್ ರೂಮಿನಲ್ಲೇ ಎರಡು ಸಲ ಓದಿದೆ. ಹಾಗಾಗಿ ಎಲ್ಲ ವಿವರವಾಗಿ ಬರೆಯುತ್ತೇನೆ.

ಅವಳೊಬ್ಬಳನ್ನೇ ಕರೆದು ಪರೀಕ್ಷೆ ಮಾಡಿದ್ದರೆ ಮರುದಿನಕ್ಕೆ ಹೊಸ ಅಡ್ಡಹೆಸರು ಸಿಗುತ್ತಿತ್ತು. ಅದಕ್ಕೇ ಇಡೀ ತರಗತಿಗೆ "ಕಿವಿಯ ವಾರ" ಮಾಡಿದೆ. ಕಿವಿಯೊಳಗೆ ಏನೇನಿದೆ, ಅದಕ್ಕೆ ಕಡ್ಡಿ, ಪಿನ್ನು, ಪೆನ್ಸಿಲ್ ಯಾಕೆ ಹಾಕಬಾರದು, ಜೋರು ಸದ್ದು ಏನು ಮಾಡುತ್ತೆ, ಎಲ್ಲ ಆಯಿತು. ಆಮೇಲೆ ಜೋಡಿ ಜೋಡಿಯಾಗಿ ನಿಲ್ಲಿಸಿದೆ. ಒಬ್ಬರು ಗೋಡೆ ಕಡೆ ಮುಖ ಮಾಡಿ ಒಂದು ಕಿವಿ ಮುಚ್ಚಿಕೊಳ್ಳೋದು. ಇನ್ನೊಬ್ಬರು ಹಿಂದಿನಿಂದ ಪಿಸುಗುಟ್ಟೋದು. ಕೇಳಿಸಿದ್ದನ್ನು ತಿರುಗಿ ಹೇಳೋದು. ಪಿಸುಗುಟ್ಟೋಕೆ ಅವರು ಆರಿಸಿಕೊಂಡ ಪದಗಳೆಲ್ಲ ಮೇಷ್ಟ್ರುಗಳ ಅಡ್ಡಹೆಸರು. ನಂದೂ ಒಂದಿದೆ. ಹೇಳಲ್ಲ.

ಗೊಂಬೆಯ ಸರದಿ ಬಂದಾಗ ಅವಳ ಹಿಂದೆ ನಾನೇ ನಿಂತೆ. ಪಿಸುಮಾತಿಗೆ ಏನೂ ಇಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿದೆ, ಏನೂ ಇಲ್ಲ. ಮಾಮೂಲಿ ದನಿಯಲ್ಲಿ ಅವಳ ಹೆಸರನ್ನೇ ಕರೆದೆ. ಗೋಡೆ ನೋಡುತ್ತಾ ನಗುತ್ತಲೇ ಇದ್ದಳು. ಅವಳ ಮುಂದೆ ಹೋಗಿ ಅದೇ ದನಿಯಲ್ಲಿ ಹೇಳಿದರೆ ತಟ್ಟನೆ ಉತ್ತರ ಬಂತು. ಅವಳು ಕೇಳುತ್ತಿಲ್ಲ ಅತ್ತಿಗೆ, ನಮ್ಮ ಬಾಯಿ ನೋಡುತ್ತಿದ್ದಾಳೆ. ಹಿಂದಿನ ಬೆಂಚಿಗೆ ಕಳಿಸಿದಾಗ ಅದೂ ಕಾಣದೆ ಹೋಯಿತು.

ಹೀಗೆ ಬಚ್ಚಿಡುವವರು ಎಷ್ಟು ಜಾಣರು ಗೊತ್ತಾ? ಎಲ್ಲದಕ್ಕೂ ಹೂಂ ಅಂತಾರೆ. ಬೇರೆಯವರು ನಕ್ಕಾಗ ನಗುತ್ತಾರೆ. ಪ್ರಶ್ನೆ ಬರುವ ಮೊದಲೇ ತಾವೇ ಮಾತು ಶುರುಮಾಡುತ್ತಾರೆ. ದಿನವಿಡೀ ಇದೇ ಕೆಲಸವಾಗಿ ಸಂಜೆಗೆ ಸುಸ್ತಾಗಿ ಬೀಳುತ್ತಾರೆ. ನೋಡುವವರು ಮಾತ್ರ ಅಹಂಕಾರ ಅಂದುಕೊಳ್ಳುತ್ತಾರೆ.

ಅವಳ ಅಮ್ಮ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಜೊತೆ ಮಾತಾಡಿದ್ದೇನೆ, ಮುಂದಿನ ವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತೇವೆ. ಬೇರೆ ಮಕ್ಕಳಿಗೆ ಏನೂ ಗೊತ್ತಾಗಿಲ್ಲ.

ನಿಮಗೆ ಹೇಗನಿಸಿತು, ಬೇಗ ಬರೆಯಿರಿ.

ಚೂಟಿ


ಆಗಸ್ಟ್ 30

ಅತ್ತಿಗೆ,

ನಿಮ್ಮಿಂದ ಕಾಗದವಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ "ಚೆನ್ನಾಗಿದಾಳೆ, ಆದ್ರೆ ನಿನ್ನ ಹೆಸರೆತ್ತಿದ್ರೆ ಪಾತ್ರೆ ಸದ್ದು ಮಾಡ್ತಾಳೆ" ಅಂದ.

ಏನು ತಪ್ಪು ಬರೆದೆ? ಹೋದ ಕಾಗದವನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ, ಏನೂ ಹೊಳೆಯಲಿಲ್ಲ. ನಾನು ಇಲ್ಲಿ ಖುಷಿಯಾಗಿದ್ದೇನೆ ಅಂತ ಬರೆದದ್ದು ನೋವಾಯಿತಾ? ಹಾಗಿದ್ದರೆ ನಿಜ ಕೇಳಿ. ಮೊದಲ ದಿನ ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು ಅಂತ ಬರೆದಿದ್ದೆನಲ್ಲ, ಅರ್ಧ ತರಗತಿ ಕಣ್ಣು ಮುಚ್ಚಿಯೇ ಇತ್ತು. ನನಗೆ ಕೊಟ್ಟಿರುವುದು ಊಟವಾದ ಮೇಲಿನ ಪೀರಿಯಡ್, ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆ. ಆರೋಗ್ಯದ ಪಾಠ ಈ ವರ್ಷಕ್ಕೆ ಮಾತ್ರ, ಉಪಯೋಗ ಕಾಣದಿದ್ದರೆ ಆ ಪೀರಿಯಡ್ ಲೆಕ್ಕಕ್ಕೆ ಹೋಗುತ್ತೆ ಅಂತ ಹೆಡ್ ಮೇಡಂ ಮೊದಲೇ ಹೇಳಿದ್ದಾರೆ. ಇಷ್ಟೇ ನನ್ನ ವೈಭವ.

ಇನ್ನೊಂದು ಮಾತು. ಬಸ್ ಹೊರಡುವಾಗ ಕಿಟಕಿಯಿಂದ ಬಗ್ಗಿ ನಿಮ್ಮನ್ನು ಕೇಳಿದೆನಲ್ಲ: "ಬೇಡ ಅಂದ್ರೆ ಈಗಲೇ ಇಳೀತೀನಿ ಅತ್ತಿಗೆ." ನೀವು ನಗುತ್ತಾ "ಹೂಂ ಹೂಂ" ಅಂತ ಕೈ ಬೀಸಿದಿರಿ. ನಾನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಾನು ಹೋದರೆ ಸಾಕು ಅಂತ ಇತ್ತಾ ನಿಮಗೆ?

ಚೂಟಿ


ಸೆಪ್ಟೆಂಬರ್ 6

ಚೂಟಿ,

ನಾಟಕ ಸಾಕು. ಯಾರು ಹೇಳಿದ್ದು ನಿನಗೆ? ಮಹಡಿ ಮನೆಯಾಕೆಯಾ? ಅಥವಾ ಬಸ್ ಸ್ಟ್ಯಾಂಡಿನಲ್ಲೇ ಕಂಡುಹಿಡಿದೆಯಾ? ಕಂಡುಹಿಡಿದಿದ್ರೆ ನೇರವಾಗಿ "ಅತ್ತಿಗೆ, ನಿಮಗೆ ಕಿವಿ ಕೇಳಲ್ಲ" ಅಂತ ಬರೀಬೇಕಿತ್ತು. ಅದು ಬಿಟ್ಟು ಯಾವುದೋ ಗೊಂಬೆ, ಕಿವಿಯ ವಾರ, ಎಲ್ಲದಕ್ಕೂ ಹೂಂ ಅನ್ನೋರು, ಬೇರೆಯವರು ನಕ್ಕಾಗ ನಗೋರು. ಒಂದೊಂದು ಸಾಲೂ ನನ್ನ ಬೆನ್ನ ಹಿಂದೆ ನಿಂತು ಬರೆದ ಹಾಗಿದೆ. ಓದ್ತಾ ಓದ್ತಾ ಮೈ ಉರಿಯಿತು. ಕಾಗದ ಮಡಚಿ ಹಿಟ್ಟಿನ ಡಬ್ಬಿ ಕೆಳಗೆ ಇಟ್ಟೆ.

ಹೌದು, ಕೇಳಲ್ಲ. ಫೋನಲ್ಲಿ ಬರೀ ಗೊರಗೊರ. ಗಿರಣಿಯಲ್ಲಿ ಇದು ಯಾರಿಗೂ ಗೊತ್ತಾಗಲ್ಲ, ಯಾಕಂದ್ರೆ ಆ ಸದ್ದಲ್ಲಿ ಯಾರಿಗೂ ಏನೂ ಕೇಳಲ್ಲ. ನಾವೆಲ್ಲ ತುಟಿ ನೋಡಿ ಮಾತಾಡೋರೇ. ಅದರಲ್ಲಿ ನಾನು ಎಲ್ಲರಿಗಿಂತ ಚುರುಕು. ಮಗ್ಗದ ಸಾಲಿನ ಆ ತುದೀಲಿ ಯಾರು ಯಾರನ್ನ ಬೈದರೂ ನನಗೆ ಗೊತ್ತಾಗುತ್ತೆ. ಇದು ನನ್ನ ಜಾಣತನ ಅಂದ್ಕೊಂಡಿದ್ದೆ. ಯಾವಾಗ ಹೊರಗಡೇನೂ ತುಟಿ ನೋಡ್ಬೇಕಾಯ್ತೋ, ನನಗೇ ಗೊತ್ತಾಗ್ಲಿಲ್ಲ.

ಹೋದ ತಿಂಗಳು ಬಟ್ಟೆ ತುಂಬಿದ ಗಾಡಿ ಹಿಂದಿನಿಂದ ಬಂತು. ಹಾರ್ನ್ ಹೊಡೆದನಂತೆ, ಕೂಗಿದನಂತೆ. ಎದುರಿಗಿದ್ದವಳ ಕಣ್ಣು ದೊಡ್ಡದಾಗಿದ್ದು ನೋಡಿ ಪಕ್ಕಕ್ಕೆ ಹಾರಿದೆ. ತೋಳು ತರಚಿತು ಅಷ್ಟೆ. "ಯೋಚನೆ ಮಾಡ್ತಿದ್ದೆ" ಅಂದೆ, ನಂಬಿದ್ರು. ಇದು ಗೊತ್ತಾದ್ರೆ ಸೂಪರ್‌ವೈಸರ್ ಇರಲಿ, ಮಗ್ಗದ ಮುಂದೆ ನಿಲ್ಲೋಕೂ ಬಿಡಲ್ಲ. ಮೂಲೇಲಿ ಕೂರಿಸಿ ದಾರ ಸುತ್ತೋಕೆ ಹಾಕ್ತಾರೆ.

ಬಸ್ ಹತ್ತಿರ ನೀನು ಏನು ಕೇಳಿದೆಯೋ ನನಗೆ ಗೊತ್ತಿಲ್ಲ. ಎಂಜಿನ್ ಶುರುವಾಗಿತ್ತು, ನಿನ್ನ ಮುಖದ ಮೇಲೆ ಬಿಸಿಲು. ನೀನು "ಹುಷಾರಾಗಿರಿ" ಅಂದೆ ಅಂದ್ಕೊಂಡೆ. ಕೇಳಿಸಿದ್ರೆ "ಕತ್ತೆ, ಸುಮ್ನೆ ಕೂತ್ಕೋ, ಹೋಗಿ ಬಾ" ಅಂತ ಬೈತಿದ್ದೆ. ಹೋದರೆ ಸಾಕು ಅಂತ ಇತ್ತಾ ಅಂತ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?

ಅತ್ತಿಗೆ


ಸೆಪ್ಟೆಂಬರ್ 11

ನನ್ನ ಅತ್ತಿಗೆ,

ಆಣೆ ಮಾಡಿ ಹೇಳ್ತೀನಿ, ನನಗೆ ಏನೂ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಗೊಂಬೆ ಇಲ್ಲೇ ಇದ್ದಾಳೆ, ಎರಡು ಜಡೆ, ಮುಂದಿನ ಹಲ್ಲು ಸ್ವಲ್ಪ ಮುರಿದಿದೆ. ನಾನು ಅವಳ ಬಗ್ಗೆಯೇ ಬರೆದದ್ದು. ನಿಮ್ಮ ಕಾಗದ ಓದಿ ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಗಡಿಯವರು ನೀರು ತಂದುಕೊಟ್ಟರು. ಅತ್ತೆನಾ ನಕ್ಕೆನಾ ನನಗೇ ಗೊತ್ತಿಲ್ಲ. ಎರಡೂ ಇರಬೇಕು. ನೀವು ಸಿಟ್ಟಾಗಿದ್ದೀರಿ ಅಂತ ನಾನು, ನಾನು ಚುಚ್ಚುತ್ತಿದ್ದೇನೆ ಅಂತ ನೀವು. ಒಳ್ಳೇ ಜೋಡಿ!

ಈಗ ನರ್ಸ್ ಮಾತು ಕೇಳಿ. ಮೊದಲು ಡಾಕ್ಟರಿಗೆ ತೋರಿಸಿ. ಯಂತ್ರದಲ್ಲಿ ಕಿವಿ ಪರೀಕ್ಷೆ ಆಗಲೇಬೇಕು. ಎಣ್ಣೆ ಬಿಡಬೇಡಿ, ಬೇರೆಯವರ ಔಷಧಿ ಹಾಕಬೇಡಿ. ಮಹಡಿ ಮನೆಯಾಕೆ ಏನು ಕೊಟ್ಟರೂ ಬೇಡ ಅನ್ನಿ. ಯಾವತ್ತಿನಿಂದ ಹೀಗಾಗುತ್ತಿದೆ, ಗಿರಣಿಯಲ್ಲಿ ಎಷ್ಟು ಹೊತ್ತು ಇರ್ತೀರಿ, ಕಿವಿಯಲ್ಲಿ ಸದ್ದು ಬರುತ್ತಾ, ಇವನ್ನು ನೀವಾಗಿಯೇ ಹೇಳಿ. ನನಗೇನಾಗಿದೆ, ವಾಸಿಯಾಗುತ್ತಾ, ಇನ್ನೂ ಹಾಳಾಗದ ಹಾಗೆ ಏನು ಮಾಡಬೇಕು ಅಂತ ಕೇಳಿ. ಅರ್ಥವಾಗದಿದ್ದರೆ ನನ್ನ ಮಕ್ಕಳು ಹೇಳುವ ಹಾಗೆ ಹೇಳಿ. ನಾಚಿಕೊಳ್ಳಬೇಡಿ. ನೀವು ನಾಚಿಕೊಂಡದ್ದನ್ನು ನಾನಂತೂ ನೋಡಿಲ್ಲ.

ಗಿರಣಿಯವರಿಗೆ ಯಾವಾಗ ಹೇಳಬೇಕು, ಏನು ಹೇಳಬೇಕು ಅನ್ನೋದು ನಿಮ್ಮಿಷ್ಟ. ನಾನು ಯಾರಿಗೂ ಹೇಳಲ್ಲ. ಆದರೆ ಆ ಗಾಡಿ ನೆನೆದು ನನಗೆ ಊಟ ಸೇರುತ್ತಿಲ್ಲ. ದಯವಿಟ್ಟು ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿ.

ಚೂಟಿ


ಅಕ್ಟೋಬರ್ 3

ಚೂಟಿಗೆ,

ಹೋಗಿ ಬಂದೆ.

ಮೊದಲು ನಿನ್ನಣ್ಣನಿಗೆ ಹೇಳಬೇಕಿತ್ತಲ್ಲ. ಅದಕ್ಕೇ ಎಲ್ಲಕ್ಕಿಂತ ಧೈರ್ಯ ಬೇಕಾಯ್ತು. ಚಹಾ ಮುಂದಿಟ್ಟು, "ನನಗೆ ಸರಿಯಾಗಿ ಕಿವಿ ಕೇಳಲ್ಲ" ಅಂದೆ. ಆ ಮನುಷ್ಯ ಬಿಸ್ಕತ್ತು ಅದ್ದುತ್ತಾ, "ಗೊತ್ತು" ಅಂದ್ರು. "ಗೊತ್ತಾ? ಯಾವಾಗಿಂದ?" "ತುಂಬಾ ದಿನ ಆಯ್ತು. ಅದಕ್ಕೇ ಅಲ್ವಾ ನಾನು ಮುಂದೆ ಬಂದು ನಿಂತು ಮಾತಾಡೋದು." ಯೋಚನೆ ಮಾಡಿದ್ರೆ ಹೌದು, ಚೂಟಿ! ಅಡುಗೆಮನೆಗೆ ಬಂದ್ರೆ ಮೊದಲು ದೀಪದ ಸ್ವಿಚ್ ಒಂದ್ಸಲ ಆರಿಸಿ ಹಾಕ್ತಾರೆ, ಆಮೇಲೆ ಮಾತು. ಇದೇನು ಹುಚ್ಚಾಟ ಅಂತ ಎಷ್ಟು ಸಲ ಬೈದಿದೀನಿ. "ನನಗೆ ಯಾಕೆ ಹೇಳ್ಲಿಲ್ಲ?" ಅಂದೆ. "ನಿನ್ನ ಕಿವಿ ಅಲ್ವಾ, ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ" ಅಂದ್ರು. ಇಂಥವರ ಜೊತೆ ಜಗಳ ಆಡೋದು ಹೇಗೆ?

ಡಾಕ್ಟರ್ ಚಿಕ್ಕ ವಯಸ್ಸಿನವನು. ಮುಖಕ್ಕೆ ಮಾಸ್ಕ್, ಕಣ್ಣು ಕಂಪ್ಯೂಟರ್ ಮೇಲೆ. ಮಾಸ್ಕ್ ಒಳಗೆ ಏನೋ ಮಣಮಣ ಅಂದ. ನಾನು ಅಭ್ಯಾಸಬಲದಿಂದ "ಹೂಂ" ಅಂದೆ. ಅಷ್ಟರಲ್ಲಿ ನಿನ್ನ ಆ ದಪ್ಪ ಕನ್ನಡಕದ ಹುಡುಗಿ ನೆನಪಾದ್ಲು. "ಡಾಕ್ಟ್ರೇ, ನಾನು ಬಂದಿರೋದೇ ಕೇಳಲ್ಲ ಅಂತ. ಮಾಸ್ಕ್ ತೆಗೆದು, ನನ್ನ ಕಡೆ ತಿರುಗಿ, ಇನ್ನೊಂದ್ಸಲ ಹೇಳಿ" ಅಂದೆ. ನಿನ್ನಣ್ಣ ಗೋಡೆ ಮೇಲಿನ ಚಿತ್ರ ನೋಡೋಕೆ ಶುರುಮಾಡಿದ್ರು. ಡಾಕ್ಟರ್ ಮಾಸ್ಕ್ ತೆಗೆದು, ಕುರ್ಚಿ ಎಳೆದು ನನ್ನೆದುರು ಕೂತ. ಒಳ್ಳೇ ಹುಡುಗ. ಆಮೇಲೆ ಪ್ರತಿಯೊಂದಕ್ಕೂ ಅವನೇ "ಅರ್ಥ ಆಯ್ತಾ ಅಮ್ಮ?" ಅಂತ ಕೇಳಿದ.

ವಿಷಯ ಏನಂದ್ರೆ, ಮಗ್ಗದ ಸದ್ದು ತಿಂದು ಹಾಕಿದ್ದು ವಾಪಸ್ ಬರಲ್ಲ. ಅದನ್ನ ಕೇಳಿ ನನಗೂ ನಿನ್ನ ಮಕ್ಕಳ ಹೊಟ್ಟೆನೋವು ಬಂತು ಅಂದ್ಕೋ. ಆದ್ರೆ ಮಿಕ್ಕಿರೋದನ್ನ ಉಳಿಸ್ಕೋಬಹುದು. ಕಿವಿಗೆ ಯಂತ್ರ ಹಾಕಿದ್ರೆ ಮಾತು ಕೇಳುತ್ತೆ. ಗಿರಣಿ ಒಳಗೆ ಅದನ್ನ ತೆಗೆದಿಟ್ಟು, ಸದ್ದು ತಡೆಯೋ ಮುಚ್ಚಳ ಹಾಕ್ಕೋಬೇಕು. ಅಳತೆ ತಗೊಂಡಿದ್ದಾರೆ.

ಗಿರಣಿಯಲ್ಲಿ ಇನ್ನೂ ಹೇಳಿಲ್ಲ. ಹೇಳ್ತೀನಿ. ನೀನು ಕೇಳಬೇಡ, ನಾನೇ ಬರೀತೀನಿ.

ಗೊಂಬೆಗೆ ಏನಾಯ್ತು? ಅವಳ ಮೇಲೆ ಸುಮ್ನೆ ಸಿಟ್ಟು ಮಾಡ್ಕೊಂಡಿದ್ದೆ, ಪಾಪ.

ಅತ್ತಿಗೆ


ಅಕ್ಟೋಬರ್ 19

ಪ್ರೀತಿಯ ಅತ್ತಿಗೆ,

ನಿಮ್ಮ ಡಾಕ್ಟರ್ ಕಥೆಯನ್ನು ತರಗತಿಯಲ್ಲಿ ಹೇಳಿದೆ, ಯಾರದ್ದು ಅಂತ ಹೇಳದೆ. "ಗುರುತಿನವರೊಬ್ಬರು" ಅಂದೆ. ಮಾಸ್ಕ್ ತೆಗೆಸಿದ ಜಾಗದಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ನಿಮ್ಮ ಪಾತ್ರ ಮಾಡೋಕೆ ಈಗ ಜಗಳ. ಡಾಕ್ಟರ್ ಆಗೋಕೆ ಯಾರೂ ಇಲ್ಲ!

ಗೊಂಬೆಯದು ನಿಮ್ಮ ಥರ ಅಲ್ಲ. ಮೇಲಿಂದ ಮೇಲೆ ನೆಗಡಿಯಾಗಿ ಕಿವಿಯ ಪರದೆ ಹಿಂದೆ ಅಂಟು ನೀರು ಕಟ್ಟಿಕೊಂಡಿತ್ತು. ಕೆಲವು ವಾರ ಕಾದು ನೋಡಿದರು, ಇಳಿಯಲಿಲ್ಲ. ಆಮೇಲೆ ಪರದೆಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಕೊಳವೆ ಕೂರಿಸಿ ನೀರು ಹೋಗುವ ಹಾಗೆ ಮಾಡಿದರು. ಬೆಳಗ್ಗೆ ಹೋದವಳು ಸಂಜೆಗೆ ಮನೆಯಲ್ಲಿದ್ದಳು. ಮರುವಾರ ಶಾಲೆಗೆ ಬಂದಳು. ಅವಳ ಮೊದಲ ದೂರು ಏನು ಗೊತ್ತಾ? "ಟೀಚರ್, ಎಲ್ಲರೂ ಎಷ್ಟು ಕಿರುಚ್ತಾರೆ!"

ಲೆಕ್ಕದ ಮೇಷ್ಟ್ರು ಅವಳನ್ನು ತಾವೇ ಮುಂದಿನ ಬೆಂಚಿಗೆ ಕರೆದು ಕೂರಿಸಿದರು. ಎರಡು ದಿನ ಬಿಟ್ಟು ನನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, "ನನ್ನ ತರಗತೀಲಿ ಇನ್ನೊಬ್ಬ ಇದಾನೆ, ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡ್ತಾನೆ. ನೋಡ್ತೀರಾ?" ಅಂದರು. ಆ ಹುಡುಗನಿಗೂ ಕನ್ನಡಕ ಬಂತು. ಹೆಡ್ ಮೇಡಂ ಮುಂದಿನ ವರ್ಷದ ಟೈಂಟೇಬಲ್‌ನಲ್ಲಿ ಆರೋಗ್ಯವನ್ನು ಬೆಳಗಿನ ಪೀರಿಯಡ್‌ಗೆ ಹಾಕಿದ್ದಾರೆ. ಮುರಿದ ಬೆಂಚುಗಳು ಮಾತ್ರ ನನ್ನ ಕೋಣೆಯಲ್ಲೇ ಇರುತ್ತವಂತೆ.

ಇನ್ನು ನಾನು ಏನೂ ಕೇಳಲ್ಲ. ಅಂದಿರಲ್ಲ, ಕೇಳಬೇಡ ಅಂತ. ಕೇಳದೆ ಇರೋಕೆ ಎಷ್ಟು ಕಷ್ಟ ಗೊತ್ತಾ?

ಚೂಟಿ


ನವೆಂಬರ್ 12

ಚೂಟಿಗೆ,

ಯಂತ್ರ ಬಂತು. ಹುರುಳಿಕಾಳಿನಷ್ಟು ಇರುತ್ತೆ ಅಂದ್ಕೊಂಡಿದ್ದೆ, ಅದಕ್ಕಿಂತ ದೊಡ್ಡದು. ಮೊದಲ ದಿನ ಕಿತ್ತೆಸೆಯೋಣ ಅನ್ನಿಸ್ತು. ನಲ್ಲಿ ಸದ್ದು, ಚಪ್ಪಲಿ ಸದ್ದು, ಕಾಗದ ಮಡಚೋ ಸದ್ದು, ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತೆ. ನಿನ್ನಣ್ಣ ಸೂಪ್ ಕುಡಿಯೋ ಸದ್ದಿಗಂತೂ ಎದ್ದು ಹೊರಗೆ ಹೋದೆ. ಡಾಕ್ಟರ್ ಹುಡುಗ "ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ, ಮೆದುಳು ಕಲೀಬೇಕು" ಅಂದ. ಈಗ ಪರವಾಗಿಲ್ಲ. ಭಾನುವಾರ ಅಂಗಡೀಲಿ ಬೆನ್ನು ತಿರುಗಿಸಿ ನಿಂತಿದ್ದಾಗ ಒಬ್ಬಾಕೆ "ಸ್ವಲ್ಪ ಜರುಗ್ತೀರಾ?" ಅಂದ್ಲು, ಜರುಗಿದೆ. ಅವಳಿಗೆ ಅದೇನು ದೊಡ್ಡ ವಿಷಯ ಅಲ್ಲ.

ಗಿರಣಿಯಲ್ಲಿ ಹೇಳಿದೆ. ಮ್ಯಾನೇಜರ್ ಕೋಣೆಗೆ ಹೋಗಿ, ಕೂತ್ಕೊಳ್ಳಿ ಅನ್ನೋ ಮೊದಲೇ ಕೂತೆ. ಕಿವಿ ಹೋಗಿದೆ, ಇಲ್ಲೇ ಹೋಗಿದ್ದು, ಗಾಡಿ ಬಂದಾಗ ಕೇಳಿಸ್ಲಿಲ್ಲ, ಅಂದು ಸುಳ್ಳು ಹೇಳಿದೆ ಅಂದೆ. ಅವರ ಮುಖ ಸಪ್ಪಗಾಯ್ತು. "ಅಂದ್ರೆ ಸೂಪರ್‌ವೈಸರ್ ಕೆಲಸ..." ಅಂತ ಎಳೆದ್ರು. ನಾನಂದೆ, "ಸಾರ್, ಮಗ್ಗಗಳು ಓಡುವಾಗ ಇಡೀ ಗಿರಣಿಯಲ್ಲಿ ಎಲ್ಲರ ಮಾತೂ ತಿಳಿಯೋಳು ನಾನೊಬ್ಬಳೇ. ಬೇಕಾದ್ರೆ ಪರೀಕ್ಷೆ ಮಾಡಿ." ಮಾಡಿದ್ರು ಕಣೆ! ಸಾಲಿನ ಆ ತುದೀಲಿ ನಿಂತು ಬಾಯಾಡಿಸಿದ್ರು. "ನಿಮ್ಮ ಹೆಂಡತಿ ತವರಿಗೆ ಹೋಗಿದಾರೆ, ಊಟ ಹೊರಗಡೆ" ಅಂತ ಹೇಳಿದೆ. ಪಾಪ, ಏನೋ ಒಂದು ಹೇಳ್ಬೇಕು ಅಂತ ಅವರು ಹೇಳಿದ್ದೇ ಅದು, ನಿಜಾನೂ ಆಗಿತ್ತು.

ಕೆಲಸ ಕೊಟ್ಟಿದ್ದಾರೆ. ಹೊಸ ವರ್ಷದಿಂದ. ಎರಡು ಷರತ್ತು ನಾನು ಹಾಕಿದೆ. ಗಾಡಿಗಳಿಗೆ ಹಾರ್ನ್ ಜೊತೆ ದೀಪ ಇರಬೇಕು. ಎಲ್ಲರಿಗೂ ಕಿವಿಗೆ ಹಾಕೋ ಮುಚ್ಚಳ ಕೊಡಬೇಕು. ದೀಪ ಆಗಲೇ ಬಂತು. ಮುಚ್ಚಳಾನೂ ಒಂದು ಪೆಟ್ಟಿಗೆ ತುಂಬಾ ಬಂತು, ಆದ್ರೆ ಯಾರೂ ಮುಟ್ಟಲ್ಲ. ಕೆರೆಯುತ್ತೆ, ಬೆವರುತ್ತೆ, ಚೆನ್ನಾಗಿ ಕಾಣಲ್ಲ. ನಾನು ಬೈದೆ, ಆಗ್ಲಿಲ್ಲ. ಆಮೇಲೆ ನಿನ್ನ ಹಾಗೆ ಮಾಡಿದೆ. ಚಹಾ ವೇಳೇಲಿ ಎಲ್ಲರನ್ನೂ ಕೂರಿಸಿ, ನನ್ನ ಯಂತ್ರ ತೆಗೆದು ಕೈಗೆ ಕೊಟ್ಟೆ. ಒಬ್ಬರಿಂದ ಒಬ್ಬರಿಗೆ ಹೋಯ್ತು. "ನೋಡ್ಕೊಳ್ಳಿ. ಏನು ಬೇಕಾದ್ರೂ ಕೇಳಿ. ಮುಖ ತೋರಿಸಿ ಕೇಳಿ" ಅಂದೆ. ಮೊದಮೊದಲು ಗುಸುಗುಸು. ಆಮೇಲೆ ಶುರುವಾಯ್ತು ನೋಡು. ನೋವಾಗುತ್ತಾ, ನಿದ್ದೇಲಿ ಹಾಕ್ಕೋಬೇಕಾ, ಗಂಡ ಬೈದದ್ದು ಕೇಳಿಸದ ಹಾಗೆ ಆರಿಸಬಹುದಾ. ಆರಿಸಬಹುದು ಅಂದೆ. ಎಲ್ಲರಿಗೂ ಈಗಲೇ ಒಂದೊಂದು ಬೇಕಂತೆ!

ಹೊಸದಾಗಿ ಸೇರಿದ ಹುಡುಗಿ ಒಬ್ಬಳಿದ್ದಾಳೆ. ಕೈಗೂಸು ಇದೆ, ಅವಳತ್ತೆ ನೋಡ್ಕೋತಾರೆ. ಅವಳು ಏನೂ ಕೇಳಲಿಲ್ಲ, ಸುಮ್ನೆ ಎರಡು ಮುಚ್ಚಳ ತಗೊಂಡು ಹೋದ್ಲು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನಕ್ಕೆ ಮನೆಗೆ ಹೋಗ್ತಾಳೆ. ನಿನ್ನೆ ಬಟ್ಟೆ ಬದಲಾಯಿಸೋ ಕೋಣೇಲಿ ನನ್ನ ಮುಂದೆ ಬಂದು ನಿಂತು, "ಅಕ್ಕಾ" ಅಂದ್ಲು. "ಸೇರಿದಾಗಿನಿಂದ ಮನೆಗೆ ಹೋದ್ರೆ ಕಿವೀಲಿ ಗುಂಯ್ ಅಂತಿತ್ತು, ಎಲ್ಲರಿಗೂ ಹಾಗೇ ಇರುತ್ತೆ ಅಂದ್ಕೊಂಡಿದ್ದೆ. ಈ ವಾರ ಇಲ್ಲ. ಮಗು ಪಕ್ಕ ಮಲಗಿದ್ರೆ ಅದು ಉಸಿರಾಡೋದು ಕೇಳಿಸ್ತು."

ಅವಳನ್ನ ಬೆಂಚಿನ ಮೇಲೆ ಕೂರಿಸಿ, ಇಬ್ಬರಿಗೂ ಚಹಾ ತಂದೆ.

ನಿನ್ನ ಅತ್ತಿಗೆ